ಬಿಳಿಯಾನೆಗೆ ಬಂದ ಅಪವಾದ

ನಮ್ಮ ಕನ್ನಡ ದಿನಪತ್ರಿಕೆಗಳನ್ನು ತಪ್ಪದೆ ಓದುವ ಮಹನೀಯರಿಗೆ ‘ಬಿಳಿ ಆನೆ’ ಎಂಬ ಮಾತು ಹೊಸದೇನಲ್ಲ. ನಷ್ಟದಲ್ಲಿ ನಡೆಯುವ ಕಾರ್ಖಾನೆ ಬಿಳಿ ಆನೆ; ಆದಾಯವಿಲ್ಲದ ನಿಗಮ ಬಿಳಿ ಆನೆ; ಉದ್ಘಾಟನೆಯಾದ ಮರುದಿನವೇ ಬೀಗ ಬಿದ್ದ ಸಮುದಾಯ ಭವನ ಬಿಳಿ ಆನೆ; ಮಕ್ಕಳ ಸಂಖ್ಯೆ ಇಳಿದ ಸರ್ಕಾರಿ ಶಾಲೆ, ಓದುಗರು ಬಾರದ ಗ್ರಂಥಾಲಯ, ಇವೂ ಬಿಳಿ ಆನೆಗಳೇ. ಸಹಕಾರ ಸಂಘದ ವಾರ್ಷಿಕ ಸಭೆಯಿಂದ ಹಿಡಿದು ಮದುವೆಮನೆಯ ಊಟದ ಪಂಕ್ತಿಯವರೆಗೆ ಈ ಮಾತು ನಿರಾತಂಕವಾಗಿ ಸಂಚರಿಸುತ್ತಿದೆ. ಆಡುವವರಿಗೆ ಇದು ಇಂಗ್ಲಿಷಿನಿಂದ ಬಂದದ್ದೆಂಬ ನೆನಪೂ ಉಳಿದಿಲ್ಲ. ನಮ್ಮ ಅಜ್ಜಂದಿರ ಕಾಲದ ಗಾದೆಯೆಂದೇ ಅನೇಕರು ತಿಳಿದಿದ್ದಾರೆ. ಸಾಕಲು ಅತಿಶಯವಾದ ಖರ್ಚು ಬೇಡುವ, ಪ್ರತಿಯಾಗಿ ಯಾವ ಪ್ರಯೋಜನವನ್ನೂ ಕೊಡದ, ಬಿಟ್ಟುಬಿಡಲೂ ಆಗದ ಸೊತ್ತು ಎಂಬುದು ಇಂಗ್ಲಿಷಿನಲ್ಲಿ ಈ ಹೆಸರಿಗೆ ರೂಢವಾದ ಅರ್ಥ. ಅದನ್ನೇ ನಾವು ಪದಕ್ಕೆ ಪದವಿಟ್ಟು ತಂದುಕೊಂಡಿದ್ದೇವೆ.

ತರಗತಿಯಲ್ಲಿ ಒಮ್ಮೆ ಐರಾವತದ ಪ್ರಸ್ತಾಪ ಬಂದಾಗ, ಇಂದ್ರನ ವಾಹನವಾದ ಬಿಳಿಯ ಆನೆಯೆಂದು ಅರ್ಥ ಹೇಳಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, “ಹಂಗಾದ್ರೆ ಇಂದ್ರ ಅದನ್ನ ಯಾಕೆ ಸಾಕ್ಕೊಂಡಿದ್ದ ಗುರುಗಳೇ? ಅವನಿಗೂ ನಷ್ಟ ಅಲ್ವಾ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಹುಡುಗ ಕುಚೋದ್ಯಕ್ಕೆ ಕೇಳಿದವನಲ್ಲ. ಅವನ ಮನಸ್ಸಿನಲ್ಲಿ ಪತ್ರಿಕೆಯ ಬಿಳಿ ಆನೆ ಮೊದಲು ಬಂದು ಕುಳಿತಿತ್ತು. ಪುರಾಣದ ಬಿಳಿ ಆನೆ ತಡವಾಗಿ ಬಂದು, ಸ್ಥಳವಿಲ್ಲದೆ ಹೊರಗೆ ನಿಂತಿತ್ತು. ಒಂದು ನುಡಿಗಟ್ಟು ಪರಭಾಷೆಯಿಂದ ಬರುವುದರಲ್ಲಿ ದೋಷವೇನು ಎಂದು ಕೇಳುವವರಿಗೆ ಈ ಹುಡುಗನ ಪ್ರಶ್ನೆಯನ್ನೇ ಉತ್ತರವಾಗಿ ಮುಂದಿಡಬಹುದೆಂದು ನನಗೆ ತೋರುತ್ತದೆ. ಅದಕ್ಕೆ ಮುನ್ನ ಆ ನುಡಿಗಟ್ಟಿನ ಜಾತಕವನ್ನು ಸ್ವಲ್ಪ ನೋಡೋಣ.

ಇಂಗ್ಲಿಷಿನವರು ಹೇಳುವ ಕಥೆ ಹೀಗಿದೆ. ಸಯಾಮ್ ದೇಶದ ಅರಸನಿಗೆ ಆಸ್ಥಾನಿಕನೊಬ್ಬನ ಮೇಲೆ ಮುನಿಸು ಬಂದರೆ ಅವನಿಗೊಂದು ಬಿಳಿ ಆನೆಯನ್ನು ಉಡುಗೊರೆಯಾಗಿ ಕಳುಹಿಸುತ್ತಿದ್ದನಂತೆ. ಆ ಆನೆ ಪವಿತ್ರವಾದುದರಿಂದ ಅದರಿಂದ ಕೆಲಸ ಮಾಡಿಸುವಂತಿಲ್ಲ; ರಾಜದತ್ತವಾದುದರಿಂದ ಮಾರುವಂತಿಲ್ಲ, ಕೊಡುವಂತಿಲ್ಲ. ಮೇವು ಹಾಕಿ ಹಾಕಿ ಆಸ್ಥಾನಿಕ ದಿವಾಳಿಯಾಗುತ್ತಿದ್ದನಂತೆ. ಕಥೆಯೇನೋ ರುಚಿಯಾಗಿದೆ. ಆದರೆ ಸಯಾಮಿನ ಇತಿಹಾಸವನ್ನು ಬಲ್ಲವರು ಇದಕ್ಕೆ ಆಧಾರವಿಲ್ಲವೆನ್ನುತ್ತಾರೆ. ಅಲ್ಲಿ ಬಿಳಿ ಆನೆ ಎಲ್ಲಿಯೇ ಸಿಕ್ಕಲಿ ಅದು ಅರಸನ ಸೊತ್ತು, ಅರಮನೆಗೆ ಒಪ್ಪಿಸಬೇಕಾದ್ದು. ಅಂಥದ್ದನ್ನು ಅರಸ ಮುನಿಸಿಗಾಗಿ ಹಂಚಿಬಿಡುತ್ತಿದ್ದನೆಂದರೆ ನಂಬುವುದು ಹೇಗೆ? ಒಬ್ಬ ರಾಜನ ಬಳಿ ಎಷ್ಟು ಬಿಳಿ ಆನೆಗಳಿವೆಯೆಂಬುದೇ ಅವನ ಪುಣ್ಯಕ್ಕೂ ಪ್ರಭುತ್ವಕ್ಕೂ ಅಳತೆಗೋಲಾಗಿತ್ತು. 16ನೆಯ ಶತಮಾನದಲ್ಲಿ ಬರ್ಮಾದ ಅರಸ ಬಯಿನ್ನೌಂಗ್ ಸಯಾಮಿನ ದೊರೆಯಿಂದ ಬಿಳಿ ಆನೆಗಳನ್ನು ಬೇಡಿ, ಕೊಡಲೊಲ್ಲದಿದ್ದಾಗ 1563ರಲ್ಲಿ ಯುದ್ಧವನ್ನೇ ಹೂಡಿದ. ಯುದ್ಧಕ್ಕೆ ರಾಜಕೀಯ ಕಾರಣಗಳೂ ಇದ್ದವೆನ್ನಿ. ಆದರೂ ಹೊರೆಯಾದ ವಸ್ತುವಿಗಾಗಿ ದಂಡೆತ್ತಿ ಹೋದವರನ್ನು ನಾನು ಕೇಳಿಲ್ಲ. ಸಯಾಮಿನ ಕೆಂಪು ಧ್ವಜದ ಮೇಲೆ ಬಿಳಿ ಆನೆ 1916ರವರೆಗೂ ಇತ್ತು. 1861ರಲ್ಲಿ ಅಲ್ಲಿ ಸ್ಥಾಪಿತವಾದ ಅತ್ಯುನ್ನತ ಗೌರವಪದಕವೊಂದಕ್ಕೆ ‘ಶ್ವೇತಗಜ’ ಎಂದೇ ಹೆಸರು. ಅದು ಇಂದಿಗೂ ನಡೆಯುತ್ತಿದೆ.

ಈ ಗೌರವ ಅಲ್ಲಿಗೆ ಹೋದದ್ದಾದರೂ ಎಲ್ಲಿಂದ? ನಮ್ಮ ನೆಲದಿಂದಲೇ. ಮಾಯಾದೇವಿಯ ಕನಸಿನಲ್ಲಿ ಬೋಧಿಸತ್ತ್ವನು ಬಿಳಿಯಾನೆಯ ರೂಪದಿಂದ ಬಂದನೆಂಬ ಕಥೆ ಬೌದ್ಧಧರ್ಮದೊಡನೆ ಬರ್ಮಾಕ್ಕೂ ಸಯಾಮಿಗೂ ಹೋಯಿತು. ಇಂದ್ರನ ಐರಾವತವೂ ಹೋಯಿತು. ಅಲ್ಲಿನವರ ಬಾಯಲ್ಲಿ ಅದು ‘ಎರಾವನ್’ ಆಯಿತು, ಮೂರು ತಲೆಯನ್ನೂ ಪಡೆಯಿತು. ಲಾವೋಸ್ ರಾಜ್ಯದ ಧ್ವಜದಲ್ಲಿ 1975ರವರೆಗೆ ಇದ್ದದ್ದು ಮೂರು ತಲೆಯ ಈ ಬಿಳಿಯಾನೆಯೇ. 19ನೆಯ ಶತಮಾನದಲ್ಲಿ ಐರೋಪ್ಯ ವರ್ತಕರೂ ರಾಯಭಾರಿಗಳೂ ಹೋಗಿ ನೋಡಿದರು. ಕೆಲಸ ಮಾಡದ ಒಂದು ಪ್ರಾಣಿಗೆ ಚಿನ್ನದ ಆಭರಣ, ಸೇವಕರ ಸಾಲು! ಲಾಭನಷ್ಟದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಂದವರಿಗೆ ಅದು ನಗೆಪಾಟಲಾಗಿ ಕಂಡಿತು. ಆ ಶತಮಾನದ ನಡುವಿನ ಹೊತ್ತಿಗೆ ಇಂಗ್ಲಿಷಿನಲ್ಲಿ ಈಗಿನ ಲಾಕ್ಷಣಿಕ ಅರ್ಥ ನೆಲೆಗೊಂಡಿತ್ತು. 1884ರಲ್ಲಿ ಬಾರ್ನಂ ಎಂಬ ಅಮೆರಿಕದ ಸರ್ಕಸ್ ವ್ಯಾಪಾರಿ ಬರ್ಮಾದಿಂದ ಒಂದು ಬಿಳಿ ಆನೆಯನ್ನು ಹಣ ತೆತ್ತು ತರಿಸಿದ. ನೋಡಬಂದವರಿಗೆ ನಿರಾಶೆಯಾಯಿತು, ಏಕೆಂದರೆ ಬಿಳಿ ಆನೆ ಸುಣ್ಣದಂತೆ ಬೆಳ್ಳಗಿರುವುದಿಲ್ಲ. ಬೂದುಬಣ್ಣದ ಮೈಮೇಲೆ ನಸುಗೆಂಪು ಮಚ್ಚೆಗಳು, ತಿಳಿಗಣ್ಣು, ಇಷ್ಟೇ ಅದರ ಲಕ್ಷಣ. ಬಾರ್ನಂನ ಪ್ರತಿಸ್ಪರ್ಧಿಯೊಬ್ಬ ಸಾಮಾನ್ಯ ಆನೆಯೊಂದಕ್ಕೆ ಬಿಳಿಯ ಬಣ್ಣ ಬಳಿದು, ತನ್ನದೇ ನಿಜವಾದದ್ದೆಂದು ಜನರಿಗೆ ತೋರಿಸಿ ಹಣ ಮಾಡಿದ. ಇದು ಆ ಗೌರವಕ್ಕೆ ಪಶ್ಚಿಮದಲ್ಲಿ ಸಂದ ಆದರ. ಹೀಗೆ ನಮ್ಮಿಂದ ಪೂಜೆಯಾಗಿ ಹೋದದ್ದು, ಸಯಾಮಿನಲ್ಲಿ ಮರ್ಯಾದೆ ಪಡೆದು, ಲಂಡನ್ನಿನಲ್ಲಿ ಅಪಹಾಸ್ಯವಾಗಿ, ಆಂಗ್ಲ ಪಠ್ಯಪುಸ್ತಕದ ಮೂಲಕ ಮತ್ತೆ ನಮ್ಮ ಮನೆಗೇ ಬಂದಿದೆ. ನಾವು ಗುರುತು ಹಿಡಿಯದೆ ಮಣೆ ಹಾಕಿದ್ದೇವೆ.

ಶಾಸ್ತ್ರದ ಮಾತನ್ನು ಇಲ್ಲಿ ಒಂದಿಷ್ಟು ಆಡಬೇಕು. ವಿದ್ವತ್ತಿನ ತರಗತಿಯ ಅಭ್ಯಾಸ ಸುಲಭವಾಗಿ ಬಿಡುವುದಿಲ್ಲ, ವಾಚಕರು ಮನ್ನಿಸಬೇಕು. ಪ್ರಾಣಿಯ ಹೆಸರನ್ನು ಬೇರೊಂದಕ್ಕೆ ಹೇಳುವುದು ನಮ್ಮ ಆಲಂಕಾರಿಕರಿಗೆ ಚಿರಪರಿಚಿತ. ‘ವಾಹೀಕನು ಎತ್ತು’ ಎಂಬುದು ಗೌಣೀ ಲಕ್ಷಣೆಗೆ ಅವರು ಕೊಡುವ ಸಿದ್ಧ ಉದಾಹರಣೆ. ವಾಹೀಕ ದೇಶದವನಿಗೆ ಕೊಂಬಿಲ್ಲ, ಬಾಲವಿಲ್ಲ. ಆದರೆ ಎತ್ತಿನ ಜಡತೆ ಅವನಲ್ಲಿದೆಯೆಂಬುದು ವಕ್ತೃವಿನ ಅಭಿಪ್ರಾಯ. (ವಾಹೀಕರು ಏನು ಪಾಪ ಮಾಡಿದ್ದರೋ! ಎತ್ತನ್ನು ಕಟ್ಟಿ ಉತ್ತವರಂತೂ ಅದನ್ನು ಜಡವೆನ್ನಲಾರರು.) ಇಲ್ಲಿ ಶಾಸ್ತ್ರ ಕೇಳುವ ಪ್ರಶ್ನೆ ಒಂದೇ: ಯಾವ ಗುಣದ ಸೇತುವೆಯ ಮೇಲೆ ಹೆಸರು ಆಚೆಗೆ ದಾಟಿತು? ಆ ಗುಣ ಆ ಭಾಷೆಯನ್ನಾಡುವವರ ಅನುಭವದಲ್ಲಿ ಆ ಪ್ರಾಣಿಗೆ ಸೇರಿದ್ದಾಗಿರಬೇಕು. ಇಲ್ಲದಿದ್ದರೆ ಸೇತುವೆಯೇ ಇಲ್ಲದೆ ಹೊಳೆ ದಾಟಿದಂತಾಗುತ್ತದೆ.

ಈ ಒರೆಗೆ ಹಚ್ಚಿ ನೋಡಿದರೆ ಇಂಗ್ಲಿಷಿನಿಂದ ಬಂದ ಪ್ರಾಣಿಗಳೆಲ್ಲ ಒಂದೇ ಬಗೆಯವಲ್ಲ. ‘ಮೊಸಳೆ ಕಣ್ಣೀರು’ ಬಂತು; ಸೊಗಸಾಗಿ ನಿಂತಿತು. ಬೇಟೆಯನ್ನು ತಿನ್ನುತ್ತ ಮೊಸಳೆ ಅಳುತ್ತದೆಂಬ ನಂಬಿಕೆ ಯೂರೋಪಿನದು. ಆದರೂ ಗೆಳೆಯನಾದ ಕಪಿಯ ಹೃದಯವನ್ನು ಬಯಸಿದ ಪಂಚತಂತ್ರದ ಮೊಸಳೆ ನಮ್ಮಲ್ಲಿ ಮೊದಲೇ ಇತ್ತು, ಕಪಟಕ್ಕೆ ಸ್ಥಳ ಸಿದ್ಧವಾಗಿತ್ತು. ‘ಸಿಂಹಪಾಲು’ ಬಂತು, ಮೃಗರಾಜನ ಪಾಲು ದೊಡ್ಡದೆಂದರೆ ಯಾರೂ ಅರ್ಥ ಕೇಳುವುದಿಲ್ಲ. ಪರರ ಪಾಪವನ್ನು ಹೊರುವ ಮೇಕೆಗೆ ಇಂಗ್ಲಿಷಿನಲ್ಲಿ ಇರುವ ಹೆಸರನ್ನು ಪದಶಃ ತರದೆ ‘ಬಲಿಪಶು’ ಎಂದವರು ಯಾರೋ ಪುಣ್ಯಾತ್ಮರು, ನಿಜವಾದ ಅನುವಾದಕರು. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ‘ಹಂಸಗೀತೆ’. ಹಂಸ ಸಾಯುವಾಗ ಹಾಡುತ್ತದೆಂಬುದು ಗ್ರೀಕರ ಕಲ್ಪನೆ. ನಮ್ಮ ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಕ್ಕಿ. ಹಂಸ ಎಂದರೆ ಜೀವವೆಂದೂ ನಮ್ಮಲ್ಲಿ ಅರ್ಥವಿರುವುದರಿಂದ ಎರಡೂ ಕೂಡಿ ಅರ್ಥ ಮತ್ತಷ್ಟು ಗಾಢವಾಯಿತು. ತ.ರಾ.ಸು. ಅವರ ಕಾದಂಬರಿ 1952ರಲ್ಲಿ ಆ ಹೆಸರಿನಿಂದ ಬಂದ ಮೇಲಂತೂ ಅದು ಅಚ್ಚ ಕನ್ನಡವೇ ಆಯಿತು. ಆದ್ದರಿಂದ ಪರಭಾಷೆಯ ನುಡಿಗಟ್ಟೆಂದ ಮಾತ್ರಕ್ಕೆ ಬಾಗಿಲು ಮುಚ್ಚಬೇಕೆಂಬುದು ನನ್ನ ಪಕ್ಷವಲ್ಲ. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಹುಟ್ಟಿದ ನಾಡಿನಲ್ಲಿ ಹಾಗೆನ್ನುವುದು ಅವಿವೇಕ.

ಇನ್ನು ಕೆಲವು ಹಾಗಲ್ಲ. ಕ್ರೀಡಾಪುಟಗಳಲ್ಲಿ ‘ಕಪ್ಪು ಕುದುರೆ’ ಓಡುತ್ತಿದೆ. ಮೂಲದಲ್ಲಿ ಅದು ಕಪ್ಪು ಬಣ್ಣದ ಕುದುರೆಯಲ್ಲ. ಶಕ್ತಿ ಏನೆಂದು ಯಾರಿಗೂ ತಿಳಿಯದಂತೆ ಮರೆಯಲ್ಲಿಟ್ಟಿದ್ದ ಕುದುರೆ. ಅಲ್ಲಿನ ಪದಕ್ಕೆ ಕತ್ತಲು, ಮರೆ ಎಂಬ ಅರ್ಥಗಳೂ ಉಂಟು. ಅನುವಾದಿಸಿದವರು ಬಣ್ಣವನ್ನು ತಂದರು, ಅರ್ಥವನ್ನು ಜೂಜುಕಟ್ಟೆಯಲ್ಲೇ ಬಿಟ್ಟುಬಂದರು. ಈಚೆಗೆ ‘ಕೋಣೆಯೊಳಗಿನ ಆನೆ’ ಎಂಬುದೊಂದು ತಲೆಹಾಕಿದೆ. ಎಲ್ಲರಿಗೂ ಕಾಣುವ, ಯಾರೂ ಬಾಯಿಬಿಡದ ಸಮಸ್ಯೆಯೆಂದು ಅದರ ಅರ್ಥವಂತೆ. ನಮ್ಮ ಹಾಸನ ಜಿಲ್ಲೆಯ ಆಲೂರು, ಸಕಲೇಶಪುರದ ಕಡೆಯವರಿಗೆ ಇದನ್ನು ಓದಿ ಹೇಳಿದರೆ ಯಾವ ಊರಿನಲ್ಲಿ, ಅಡುಗೆಕೋಣೆಯೋ ಭತ್ತದ ಕೋಣೆಯೋ ಎಂದು ಗಾಬರಿಯಿಂದ ಕೇಳಿಯಾರು! ಆನೆ ಬಂದಾಗ ಬಾಯಿಮುಚ್ಚಿ ಕೂರುವ ಪದ್ಧತಿ ಅಲ್ಲಿಲ್ಲ.

ಕಪ್ಪು ಕುದುರೆ ಅರ್ಥಹೀನ, ಅಷ್ಟೇ. ಅದರಿಂದ ಯಾವ ಹಳೆಯ ಕುದುರೆಯೂ ಲಾಯದಿಂದ ಹೊರಬೀಳಲಿಲ್ಲ. ಬಿಳಿ ಆನೆಯ ವಿಷಯ ಬೇರೆ. ಅದು ಬಂದಾಗ ಆ ಸ್ಥಳ ಖಾಲಿಯಿರಲಿಲ್ಲ.

ಮೊದಲು ‘ಬಿಳಿ’ಯನ್ನೇ ನೋಡಿ. ಚನ್ನರಾಯಪಟ್ಟಣ ತಾಲ್ಲೂಕಿನವರು ದಿನವೂ ಆಡುವ ಊರಿನ ಹೆಸರಿನಲ್ಲಿ ಅದಿದೆ. ಬಿಳಿದು ಎಂಬುದು ಸಮಾಸದಲ್ಲಿ ‘ಬೆಳ್’ ಆಗಿ, ಕೊಳದ ಕಕಾರಕ್ಕೆ ಗಕಾರ ಬಂದು ‘ಬೆಳ್ಗೊಳ’. ಅದೇ ಇಂದಿನ ಬೆಳಗೊಳ. ಸಂಸ್ಕೃತ ಶಾಸನಗಳು ಅದನ್ನು ಧವಳಸರಸ್ಸು, ಶ್ವೇತಸರೋವರ ಎಂದು ಕರೆದಿವೆ. ಅರಸನ ತಲೆಯ ಮೇಲೆ ಎತ್ತುತ್ತಿದ್ದದ್ದು ಬೆಳ್ಗೊಡೆ. ಆಕಾಶದಿಂದ ಸುರಿಯುವುದು ಬೆಳ್ದಿಂಗಳು. ಭಯದಿಂದ ಮುಖ ಬಿಳಿಚಿಕೊಳ್ಳುವುದೂ ಉಂಟು, ಇಲ್ಲವೆನ್ನಲಾರೆ. ಆದರೂ ಕನ್ನಡದಲ್ಲಿ ಬಿಳುಪಿನ ಬಂಧುಬಳಗ ಬಹುಮಟ್ಟಿಗೆ ಶುಭದ ಕಡೆಯದು.

ಆನೆಯ ವಿಷಯ ಹೇಳಹೊರಟರೆ ಈ ಸಂಚಿಕೆಯ ಪುಟಗಳು ಸಾಲವು. ನಮ್ಮ ಪ್ರಾಂತವನ್ನು ಆಳಿದ ಗಂಗರ ಲಾಂಛನ ಮದಗಜ. ಆ ವಂಶದ ಶಿವಮಾರನೆಂಬ ದೊರೆ ‘ಗಜಾಷ್ಟಕ’ವನ್ನು ರಚಿಸಿದನೆಂದೂ, ಅದನ್ನು ಹೆಂಗಸರು ಒನಕೆವಾಡಾಗಿ ಹಾಡುತ್ತಿದ್ದರೆಂದೂ ಶಾಸನದಿಂದ ತಿಳಿಯುತ್ತದೆ. ಗ್ರಂಥ ಉಳಿದುಬಂದಿಲ್ಲ. ಅರಸನ ಗಜಶಾಸ್ತ್ರ ಭತ್ತ ಕುಟ್ಟುವವರ ಬಾಯಲ್ಲಿ ಹಾಡಾಗಿತ್ತೆಂಬುದನ್ನು ನೆನೆದರೆ, ಆನೆ ನಮ್ಮ ಜನಕ್ಕೆ ಎಷ್ಟು ಹತ್ತಿರದ್ದಾಗಿತ್ತೆಂದು ಊಹಿಸಬಹುದು. ವಿಂಧ್ಯಗಿರಿಯನ್ನು ಹತ್ತುವವರು ಅಖಂಡಬಾಗಿಲಿನ ಮೇಲೆ ಗಜಲಕ್ಷ್ಮಿಗೆ ಅಭಿಷೇಕ ಮಾಡುವ ಎರಡು ಆನೆಗಳನ್ನು ಕಂಡೇ ಮುಂದೆ ಹೋಗಬೇಕು. ಬೇಲೂರಿನಲ್ಲಿ, 1117ರ ವಿಷ್ಣುವರ್ಧನನ ದೇಗುಲದ ಇಡೀ ಭಾರ ನಿಂತಿರುವುದು ಬುಡದ ಪಟ್ಟಿಕೆಯಲ್ಲಿ ಸಾಲುಗಟ್ಟಿರುವ ಆರುನೂರಕ್ಕೂ ಮಿಕ್ಕ ಆನೆಗಳ ಮೇಲೆ. ಹೊಯ್ಸಳರ ಶಿಲ್ಪಿಗೆ ಆನೆ ಭಾರವನ್ನು ಹೊರುವ ಪ್ರಾಣಿ, ಭಾರವಾಗುವ ಪ್ರಾಣಿಯಲ್ಲ.

ಬಿಳುಪೂ ಆನೆಯೂ ಕೂಡಿದಾಗ ಹೇಳಬೇಕಾದದ್ದೇ ಇಲ್ಲ. ಕ್ಷೀರಸಮುದ್ರವನ್ನು ಕಡೆದಾಗ ಬಂದ ರತ್ನಗಳಲ್ಲಿ ಐರಾವತ ಒಂದು. ಆದಿತೀರ್ಥಂಕರರ ತಾಯಿ ಮರುದೇವಿ ಕಂಡ ಹದಿನಾರು ಕನಸುಗಳಲ್ಲಿ ಮೊದಲನೆಯದು ಬಿಳಿಯ ಆನೆ. ಪಂಪನ ‘ಆದಿಪುರಾಣ’ವನ್ನು ಓದಿದವರಿಗೆ ಈ ಸಂದರ್ಭ ನೆನಪಿರುತ್ತದೆ. ಕುಮಾರವ್ಯಾಸನ ಹೆಸರಿನಲ್ಲಿ ಪ್ರಚಲಿತವಾಗಿರುವ ‘ಐರಾವತ’ವೆಂಬ ಕಾವ್ಯದ ವಸ್ತುವೂ ಗಮಕ ವಾಚನವನ್ನು ಕೇಳಿದವರಿಗೆ ಪರಿಚಿತ. ಗಾಂಧಾರಿ ಗಜಗೌರಿ ವ್ರತವನ್ನು ಹಿಡಿದಾಗ ಅವಳ ನೂರು ಮಕ್ಕಳು ಮಣ್ಣು ತಂದು ಆನೆಯನ್ನು ಮಾಡಿಕೊಟ್ಟರು. ಕುಂತಿಗೆ ಇರುವವರು ಐವರೇ. ಅಷ್ಟು ಮಣ್ಣು ಹೊರುವವರು ಯಾರೆಂದು ಅವಳು ಕೊರಗಿದಳು. ಅರ್ಜುನ ಬಾಣಗಳಿಂದಲೇ ಸ್ವರ್ಗಕ್ಕೆ ದಾರಿಯನ್ನು ಕಟ್ಟಿದ. ಇಂದ್ರನ ಐರಾವತವೇ ತಾಯಿಯ ಪೂಜೆಗೆ ಇಳಿದುಬಂತು. ಸಯಾಮಿನ ಅರಸನ ಕಟ್ಟುಕಥೆಯಲ್ಲಿ ಬಿಳಿಯಾನೆ ಕೆಡುಕು ಬಗೆದು ಕೊಟ್ಟ ಉಡುಗೊರೆ. ನಮ್ಮ ಕಥೆಯಲ್ಲಿ ಅದು ಮಕ್ಕಳು ತಾಯಿಗೆ ತಂದುಕೊಟ್ಟ ಉಡುಗೊರೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತ ಹೋದರೆ ಯಾವುದು ಉಳಿಯುತ್ತದೆಂಬುದಕ್ಕೆ ನನ್ನ ತರಗತಿಯ ಆ ಹುಡುಗನೇ ಸಾಕ್ಷಿ.

ಇದರಲ್ಲಿ ಒಂದು ವಿನೋದವೂ ಇದೆ. ನಮ್ಮ ರಾಜ್ಯ ರಸ್ತೆ ಸಾರಿಗೆ ನಿಗಮದವರು ಈ ಶತಮಾನದ ಆರಂಭದಲ್ಲಿ ಬೆಲೆಬಾಳುವ ಐಷಾರಾಮಿ ಬಸ್ಸುಗಳನ್ನು ತಂದು, ಬಿಳಿಯ ಬಣ್ಣದ ಆ ದೊಡ್ಡ ವಾಹನಗಳಿಗೆ ‘ಐರಾವತ’ವೆಂದು ನಾಮಕರಣ ಮಾಡಿದರು. ಹೆಸರಿಟ್ಟವರಿಗೆ ಕನ್ನಡದ ಸಂಸ್ಕಾರವಿದ್ದಿರಬೇಕು. ಹೆದ್ದಾರಿಯಲ್ಲಿ ಅದು ಹೋಗುವಾಗ ಯಾರಿಗೂ ದುಂದುವೆಚ್ಚ ನೆನಪಾಗುವುದಿಲ್ಲ. ಮುಂದೆಂದಾದರೂ ಈ ಬಸ್ಸುಗಳಿಂದ ನಷ್ಟವೆಂದು ಬರೆಯಬೇಕಾಗಿ ಬಂದ ವರದಿಗಾರನ ಸ್ಥಿತಿಯನ್ನು ಊಹಿಸಿ: ಐರಾವತವು ಬಿಳಿ ಆನೆಯಾಗಿದೆಯೆಂದು ಬರೆದರೆ ಅದು ನಿಂದೆಯೋ ನಿಘಂಟೋ?

ಆನೆ ಬಹಳ ತಿನ್ನುತ್ತದೆಂಬುದು ಕನ್ನಡಿಗರಿಗೆ ಗೊತ್ತಿಲ್ಲದೆ ಈ ಗೌರವ ಹುಟ್ಟಿತೆಂದು ಯಾರೂ ಭಾವಿಸಬಾರದು. ಬೆಳೆದ ಆನೆಗೆ ದಿನಕ್ಕೆ 150 ಕಿಲೋಗೂ ಮಿಕ್ಕಿ ಮೇವು ಬೇಕು. ಇದನ್ನು ನಮ್ಮ ಗಾದೆ ಬಲ್ಲದು. ‘ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಎನ್ನುವಾಗ ಅದು ಆನೆಯ ಹೊಟ್ಟೆಯನ್ನು ಹಳಿಯುವುದಿಲ್ಲ, ಮಜ್ಜಿಗೆ ತಂದವನ ಕೈಯನ್ನು ನೋಡಿ ನಗುತ್ತದೆ. ‘ಇದ್ದರೂ ಸಾವಿರ, ಸತ್ತರೂ ಸಾವಿರ’ ಎಂದು ಬೆಲೆ ಕಟ್ಟಿದ್ದೂ ಆನೆಗೇ. ಗಾದೆ ಹಳೆಯದಾಯಿತೆನ್ನುವವರು ನಮ್ಮ ಜಿಲ್ಲೆಯ ಇಂದಿನ ಸ್ಥಿತಿಯನ್ನೇ ನೋಡಲಿ. ಆಲೂರು, ಸಕಲೇಶಪುರ, ಬೇಲೂರಿನ ಕಡೆ ಹಾಗೂ ಅರಕಲಗೂಡಿನ ಅಂಚಿನ ಹಳ್ಳಿಗಳಲ್ಲಿ ಕಾಡಾನೆಗಳಿಂದ ಭತ್ತ, ಬಾಳೆ, ಕಾಫಿ ಹಾಳಾಗಿವೆ, ಮನುಷ್ಯರ ಪ್ರಾಣಗಳೂ ಹೋಗಿವೆ. 2014ರಲ್ಲಿ ಈ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಕಷ್ಟ ತೀರಲಿಲ್ಲ. ಆನೆಯಿಂದ ನಷ್ಟವೆಂಬ ಮಾತನ್ನು ಆಡುವ ಹಕ್ಕು ಯಾರಿಗಾದರೂ ಇದ್ದರೆ ಈ ಜನರಿಗಿದೆ. ಅವರು ತೋಟ ತುಳಿದ ಸಲಗಕ್ಕೆ ಭೀಮನೆಂದು ಹೆಸರಿಟ್ಟು ಕರೆಯುತ್ತಾರೆ.

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯದಲ್ಲಿ ಕಾಡಾನೆಯೊಂದನ್ನು ಹಿಡಿಯುವ ಕಾರ್ಯಾಚರಣೆ ನಡೆಯುತ್ತಿದ್ದಾಗ, ಸಲಗದೊಡನೆ ಕಾದಾಡುತ್ತ ಅರ್ಜುನ ಎಂಬ ಆನೆ ಸತ್ತುಬಿದ್ದಿತು. ಮೈಸೂರು ದಸರೆಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು 2012ರಿಂದ 2019ರವರೆಗೆ ಎಂಟು ಬಾರಿ ಹೊತ್ತ ಆನೆ ಅದು. ಆನೆಯ ಹಾವಳಿಯಿಂದ ರೋಸಿಹೋಗಿದ್ದ ಅದೇ ಸೀಮೆಯ ಜನ ಅದಕ್ಕಾಗಿ ಕಣ್ಣೀರಿಟ್ಟರು. ಅಲ್ಲಿಯೇ ಮಣ್ಣು ಮಾಡಿದರು. ವಯಸ್ಸಾಗಿ ಅಂಬಾರಿಯಿಂದ ಬಿಡುಗಡೆ ಹೊಂದಿದ್ದ ಆ ಪ್ರಾಣಿಗೆ ಸರ್ಕಾರ ಹಾಕುತ್ತಿದ್ದ ಮೇವಿನ ಲೆಕ್ಕವನ್ನು ಆ ದಿನ ಯಾರೂ ಕೇಳಲಿಲ್ಲ.

ಮಾತಿನ ಔಚಿತ್ಯವೊಂದೇ ಇಲ್ಲಿನ ಪ್ರಶ್ನೆಯಾಗಿದ್ದರೆ ಇಷ್ಟು ದೀರ್ಘವಾಗಿ ಬರೆಯುವ ಅಗತ್ಯವಿರಲಿಲ್ಲ. ಪಂಡಿತರು ತಮ್ಮತಮ್ಮಲ್ಲೇ ಗೊಣಗಿಕೊಂಡು ಸುಮ್ಮನಾಗಬಹುದಿತ್ತು. ಆದರೆ ಈ ಮಾತು ಕೆಲಸವನ್ನೂ ಮಾಡುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ವಿದ್ಯಾಸಂಸ್ಥೆಯ ಸಭೆಗೆ, ಹೆಸರು ಬೇಡ, ನಾನು ಆಹ್ವಾನಿತನಾಗಿ ಹೋಗಿದ್ದೆ. ಅಲ್ಲಿ ಹಳಗನ್ನಡವನ್ನೂ ಸಂಸ್ಕೃತವನ್ನೂ ಸಂಜೆಯ ಹೊತ್ತು ಕಲಿಸುವ ಸಣ್ಣ ವಿಭಾಗವೊಂದಿತ್ತು. ಒಬ್ಬರು ಅಧ್ಯಾಪಕರು, ಕೈಬೆರಳಲ್ಲಿ ಎಣಿಸುವಷ್ಟು ಮಕ್ಕಳು, ಎರಡು ಬೀರು ಪುಸ್ತಕ, ಒಂದು ಕಟ್ಟು ತಾಳೆಗರಿ. ಆಯವ್ಯಯದ ಚರ್ಚೆ ಬಂದಾಗ ಹಿರಿಯರೊಬ್ಬರು, “ಇದೊಂದು ಬಿಳಿ ಆನೆ ಸ್ವಾಮಿ” ಎಂದರು. ಕೆಟ್ಟ ಉದ್ದೇಶದಿಂದ ಅಂದದ್ದಲ್ಲ. ಸಭೆಯಲ್ಲಿ ನಗು ಹಬ್ಬಿತು. ನಗು ಅಡಗುವಷ್ಟರಲ್ಲಿ ತೀರ್ಮಾನವೂ ಆಗಿತ್ತು. ವರ್ಷಕ್ಕೆ ಅದರ ಖರ್ಚು ಎಷ್ಟು, ಅಲ್ಲಿ ಕಲಿತವರು ಎಲ್ಲೆಲ್ಲಿ ಅಧ್ಯಾಪಕರಾಗಿದ್ದಾರೆ, ತಾಳೆಗರಿಯ ಗತಿಯೇನು, ಒಬ್ಬರೂ ಕೇಳಲಿಲ್ಲ. ಅಧ್ಯಾಪಕರ ವೇತನ ವಾರ್ಷಿಕೋತ್ಸವದ ಶಾಮಿಯಾನದ ಬಾಡಿಗೆಗಿಂತ ಹೆಚ್ಚಿರಲಿಲ್ಲವೆಂದು ಆಮೇಲೆ ತಿಳಿಯಿತು. ಗರಿಗಳನ್ನು ಗೋಣಿಚೀಲಕ್ಕೆ ತುಂಬಿ ಉಗ್ರಾಣದಲ್ಲಿಟ್ಟರು.

ಇದು ನನಗೆ ಭಯವನ್ನು ಹುಟ್ಟಿಸಿದ ಸಂಗತಿ. ‘ಖರ್ಚು ಇಷ್ಟು, ಪ್ರಯೋಜನ ಇಷ್ಟು, ಆದ್ದರಿಂದ ಮುಚ್ಚೋಣ’ ಎಂದಿದ್ದರೆ ಎದುರಿಗೆ ಮಾತಾಡಬಹುದಿತ್ತು; ಅಂಕಿಗೆ ಅಂಕಿಯ ಉತ್ತರವುಂಟು. ‘ಬಿಳಿ ಆನೆ’ ಎಂದಾಕ್ಷಣ ಲೆಕ್ಕ ಒಪ್ಪಿಸಬೇಕಾದ ಹೊಣೆಯಿಂದ ಹೇಳಿದವರು ಬಿಡುಗಡೆ ಹೊಂದುತ್ತಾರೆ. ಹತ್ತಿಪ್ಪತ್ತು ಮಕ್ಕಳಿರುವ ಹಳ್ಳಿಯ ಕನ್ನಡ ಶಾಲೆಯನ್ನೂ, ಅವರಿಗೆ ಅನ್ನ ಹಾಕುವ ಉಚಿತ ವಿದ್ಯಾರ್ಥಿನಿಲಯವನ್ನೂ ಇದೇ ಹೆಸರಿನಿಂದ ಕರೆಯುವುದನ್ನು ನಾವು ಕೇಳುತ್ತಿದ್ದೇವೆ. ಪ್ರತಿಫಲ ಹಣದ ರೂಪದಲ್ಲಿ ಕಾಣದ ಯಾವುದಕ್ಕೂ ಈ ಹೆಸರು ಒಪ್ಪುತ್ತದೆ. ದಾಸೋಹಕ್ಕೂ ಒಪ್ಪುತ್ತದೆ, ಇನ್ನೂ ಯಾರೂ ಬಾಯಿಬಿಟ್ಟು ಅಂದಿಲ್ಲ, ಅಷ್ಟೆ.

ನಿಜವಾಗಿ ವ್ಯರ್ಥವಾದವು ಇಲ್ಲವೇ? ಧಾರಾಳವಾಗಿ ಇವೆ. ನೀರು ಹತ್ತದ ಓವರ್‌ಹೆಡ್ ಟ್ಯಾಂಕು, ರೋಗಿಗಳಿಗೆ ದೂರವಾದಲ್ಲಿ ಕಟ್ಟಿದ ಆಸ್ಪತ್ರೆ, ಗುತ್ತಿಗೆದಾರನ ಹೊರತು ಮತ್ತಾರಿಗೂ ಬೇಡವಾಗಿದ್ದ ಭವನ. ಇವನ್ನು ಖಂಡಿಸಬೇಕು, ಕಠಿಣವಾಗಿಯೇ ಖಂಡಿಸಬೇಕು. ಅದಕ್ಕೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ಶಾಸ್ತ್ರಿಗಳಾದವರಿಗೆ ‘ಅಜಾಗಲಸ್ತನ’ವಿದೆ: ಆಡಿನ ಕತ್ತಿನಲ್ಲಿ ಜೋಲುವ ಮೊಲೆ, ನೋಡಲು ಮೊಲೆ, ಹಾಲಿಲ್ಲ. ಇದೂ ಪ್ರಾಣಿಯ ಅಂಗವನ್ನೇ ಹಿಡಿದು ಹುಟ್ಟಿದ ಲಾಕ್ಷಣಿಕ ಪ್ರಯೋಗ, ಎಷ್ಟು ಕರಾರುವಾಕ್ಕಾಗಿದೆ ನೋಡಿ. ಸಂಸ್ಕೃತ ಬೇಡವೆಂದರೆ, ಹೊಳೆನರಸೀಪುರದ ಕಡೆಯ ರೈತರೊಬ್ಬರು, ನಮ್ಮ ಹಳೆಯ ವಿದ್ಯಾರ್ಥಿಯ ತಂದೆ, ತಮ್ಮೂರಿನ ಬೀಗ ಬಿದ್ದ ಭವನವನ್ನು ಕುರಿತು ಹೇಳಿದ್ದು ಇನ್ನೂ ಚೆನ್ನಾಗಿದೆ: “ಗೊಡ್ಡೆಮ್ಮೆ ಕಟ್ಕೊಂಡಂಗಾಯ್ತು ಬುದ್ಧಿ, ಹುಲ್ಲೂ ಹೋಯ್ತು, ಹಾಲೂ ಇಲ್ಲ.” ಗೊಡ್ಡೆಮ್ಮೆಯ ವಿಶೇಷವೆಂದರೆ ಅದನ್ನು ಹಾಗೆನ್ನುವ ಮುನ್ನ ರೈತ ಪರೀಕ್ಷಿಸಿರುತ್ತಾನೆ, ಎರಡು ಸಲ ಕಾದಿರುತ್ತಾನೆ, ದನದ ವೈದ್ಯರಿಗೂ ತೋರಿಸಿರುತ್ತಾನೆ. ಆ ಹೆಸರನ್ನು ಇಡಲು ಲೆಕ್ಕ ಬೇಕು. ಪತ್ರಿಕೆಯವರಿಗೂ ಸಭಾಸದರಿಗೂ ಈ ಪದವನ್ನು ನಾನು ಸವಿನಯವಾಗಿ ಸೂಚಿಸುತ್ತೇನೆ.

ಇಂಗ್ಲಿಷಿನ ಆ ಕಥೆಯಲ್ಲಿಯೂ, ಸುಳ್ಳಾಗಿದ್ದರೂ, ದಾನಿಗಳು ಆಲೋಚಿಸಬೇಕಾದ ಒಂದು ಅಂಶವಿದೆ. ಅಲ್ಲಿ ಆಸ್ಥಾನಿಕನನ್ನು ಕೆಡಿಸಿದ್ದು ಆನೆಯಲ್ಲ. ಮೇವಿಗೆ ಏನೂ ಬಿಡದೆ ಆನೆಯನ್ನು ಮಾತ್ರ ಕೊಟ್ಟ ದಾನ. ಈ ದೃಷ್ಟಿಯಿಂದ ನೋಡಿದರೆ ವಿದ್ಯಾಸಂಸ್ಥೆಗಳಿಗೆ ಬರುವ ಕೊಡುಗೆಗಳಲ್ಲಿ ಸಯಾಮಿನ ಪದ್ಧತಿಯವು ಇಲ್ಲದಿಲ್ಲ. ಕಟ್ಟಡಕ್ಕೆ ಕೊಡುವವರು ಮುಂದೆ ಬರುತ್ತಾರೆ. ಅಮೃತಶಿಲೆಯ ಫಲಕವೂ ಏಳುತ್ತದೆ. ಆ ಕಟ್ಟಡದಲ್ಲಿ ಪಾಠ ಹೇಳುವವರ ವೇತನಕ್ಕೆ, ಸೋರುವ ಮಾಡಿಗೆ, ಪ್ರಯೋಗಶಾಲೆಯ ಗಾಜಿನ ನಳಿಗೆಗಳಿಗೆ, ಗ್ರಂಥಾಲಯಕ್ಕೆ ವರ್ಷವರ್ಷವೂ ಬೇಕಾಗುವ ಪುಸ್ತಕಕ್ಕೆ ಕೊಡುವವರನ್ನು ಹುಡುಕಬೇಕು. ಅವಕ್ಕೆ ಫಲಕ ಹಾಕುವ ಗೋಡೆಯಿಲ್ಲ. ಹತ್ತು ವರ್ಷ ಕಳೆದು ಬಣ್ಣ ಉದುರಿದಾಗ ಅದನ್ನು ಬಿಳಿ ಆನೆಯೆನ್ನುವವರು ಬೇರೆಯವರು.

ನಮ್ಮ ಹಿಂದಿನವರು ಈ ವಿಷಯದಲ್ಲಿ ಎಚ್ಚರವಾಗಿದ್ದರು. ಬೆಳಗೊಳದ ಭಂಡಾರಿ ಬಸದಿಯನ್ನೇ ನೋಡಿ. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ ಅದನ್ನು 1159ರಲ್ಲಿ ಕಟ್ಟಿಸಿದ. ಇಪ್ಪತ್ತನಾಲ್ಕು ತೀರ್ಥಂಕರರ ಮೂರ್ತಿಗಳಿರುವ ಆ ಬಸದಿಯನ್ನು ನೋಡಿ ಅರಸ ಸಂತೋಷಪಟ್ಟ. ‘ಭವ್ಯಚೂಡಾಮಣಿ’ ಎಂಬ ಹೆಸರನ್ನೂ ಕೊಟ್ಟ. ಹೊಗಳಿ ಹೆಸರಿಟ್ಟು ಹೊರಟುಹೋಗಿದ್ದರೆ ಅದೂ ಒಂದು ಸಯಾಮಿನ ಆನೆಯೇ ಆಗುತ್ತಿತ್ತು. ನರಸಿಂಹ ಹಾಗೆ ಮಾಡದೆ ಸವಣೇರು ಎಂಬ ಊರನ್ನೇ ಅದರ ನಿರ್ವಹಣೆಗೆಂದು ದತ್ತಿಯಾಗಿ ಬಿಟ್ಟ. ಈ ವಿವರವನ್ನೆಲ್ಲ ಕಲ್ಲಿನಲ್ಲಿ ಕೊರೆಸಿದ್ದಾರೆ. ಹಾಸನದಿಂದ ಚನ್ನರಾಯಪಟ್ಟಣದ ದಾರಿಯಾಗಿ ಬೆಳಗೊಳಕ್ಕೆ ಹೋಗುವವರು ಬೆಟ್ಟವನ್ನು ಹತ್ತುವ ಮೊದಲು ಕೆಳಗೆ ಊರಿನಲ್ಲಿರುವ ಆ ಬಸದಿಗೂ ಹೋಗಿ, ಶಾಸನವನ್ನು ಒಮ್ಮೆ ನೋಡಿ ಬರಬಹುದು.